ಬಾವಿಗೆ ಹೋಗಿ ಬರುತ್ತಿದ್ದ ಕುರಿಬಲೆ

ಪಕ್ಕದ ಮನೆಯವರು ಹಗ್ಗದ ನಾರಿಗೆಂದು ಪುಂಡಿಯ ಕಟ್ಟು ನೆನೆಹಾಕಿದ್ದಾರೆ. ಕೊಳೆತ ನಾರಿನ ವಾಸನೆ ಬೆಳಗಿನಿಂದ ನಮ್ಮ ಅಡುಗೆಮನೆಗೂ ಬಂದು ಕೂತಿದೆ. ಒಗ್ಗರಣೆ ಹಾಕಿದರೂ ಎದ್ದು ಹೋಗಲೊಲ್ಲದು. ಅವರ ಮಾಳಿಗೆಯ ಮೇಲೆ ಇಬ್ಬರು ಗೌಂಡಿಗಳು ಗೋಡೆ ಏರಿಸುತ್ತಿದ್ದಾರೆ. ನನಗೆ ಮಾತ್ರ ಬಲಗಡೆಯ ಹೆಗಲು ನೋಯತೊಡಗಿದೆ. ನಗಬೇಡಿ, ಈ ವಾಸನೆಗೂ ನನ್ನ ಹೆಗಲಿಗೂ ಸಂಬಂಧ ಉಂಟು.

ನಾನು ಕೌಜಲಗಿಗೆ ಸೊಸೆಯಾಗಿ ಹೋದಾಗ ಇನ್ನೂ ಬ್ರಿಟಿಷರ ಆಳಿಕೆ. ನಮ್ಮವರು ಬಾವಿ ಕಟ್ಟುವ ಗೌಂಡಿ. ಅಗೆದ ಬಾವಿಯ ಒಳಗೋಡೆಗೆ ತಳದಿಂದ ಕಲ್ಲು ಕಟ್ಟುತ್ತ, ಹಲಗೆಯ ಮೇಲೆ ನಿಂತು ಮೇಲೇರಿ ಬರುವ ಕೆಲಸ. ಮೇಲೆ ಬಂದಷ್ಟೂ ತಳ ದೂರ. ಹಿಂದಿನ ಬಾವಿಯಲ್ಲಿ ಅವರ ಜೊತೆಗಾರ ಬಿದ್ದು ಸತ್ತಿದ್ದ. ಆಮೇಲೆ ಅವರು ಬುತ್ತಿ ಹಿಡಿದು ಹೊರಟರೆ ನಾನು ತಟ್ಟುವ ರೊಟ್ಟಿ ಹರಿಯುತ್ತಿತ್ತು. ಮೊದಲಿನಿಂದಲೂ ಹರಿಯುತ್ತಿತ್ತು ಎಂದು ಅತ್ತೆ ಹೇಳುತ್ತಿದ್ದರು, ಆ ಮಾತು ಬೇರೆ.

ಹೊಸ ಬಾವಿಯ ಬಾಜೂ ಹೊಲದಲ್ಲಿ ಕುರಿ ಕಾಯುವ ಮಲ್ಲವ್ವನ ಹಟ್ಟಿ. ರಾತ್ರಿ ತೋಳ ಬರದಂತೆ ಕುರಿಗಳ ಸುತ್ತ ಪುಂಡಿ ಹಗ್ಗದ ಬಲೆ, ನಮ್ಮ ಕಡೆಯ ಮಾತಿನಲ್ಲಿ ಜಾಳಗಿ, ಕಟ್ಟುತ್ತಿದ್ದಳು; ಹಗಲು ಅದು ಸುಮ್ಮನೆ ಬಿದ್ದಿರುತ್ತಿತ್ತು. ಹಲಗೆಯಿಂದ ಜಾರಿದವರನ್ನು ಹಿಡಿಯಲು ಹಗಲಿಗೆ ಅದನ್ನು ಕೊಡು ಎಂದು ಅವಳನ್ನು ಹೋಗಿ ಕೇಳಿದೆ.

“ಒಯ್ಯವ್ವಾ. ಆದ್ರ ಹೊತ್ತು ಮುಳುಗೂದ್ರಾಗ ನನ್ನ ಜಾಳಗಿ ನನಗ ಬೇಕು. ತೋಳಕ್ಕ ನಿನ್ನ ಗಂಡನ ಕತಿ ಹೇಳಾಕ ಆಗಂಗಿಲ್ಲ.”

ನಮ್ಮವರು ನಕ್ಕರು. “ನಾವೇನ ಕುರಿ ಏನ? ಕೆಳಗ ಜಾಳಗಿ ಕಟ್ಟಿದ್ರ ಬೀಳ್ರಿ ಅಂದಂಗಾತು.”

“ಬೀಳಬ್ಯಾಡ್ರಿ. ಇರ್ಲಿ, ಅಷ್ಟ.”

ಹಲಗೆಯ ಕೆಳಗೆ ಬಲೆ ಇಳಿಬಿಟ್ಟು, ಮೂಲೆಯ ಹಗ್ಗಗಳನ್ನು ದಂಡೆಯ ಗೂಟಗಳಿಗೆ ಕಟ್ಟಿದೆವು. ಕಟ್ಟಿದ್ದು ಹಟ್ಟಿಗೆ ಕಟ್ಟುವ ಹಾಗೆ, ಬಿಗಿಯಾಗಿ. ನಮಗೆ ಗೊತ್ತಿದ್ದದ್ದು ಅಷ್ಟೇ. ನೋಡೋಣವೆಂದು ಮರಳಿನ ಚೀಲ ಎಸೆದರೆ ಅದು ಪುಟಿದು, ಅಂಚು ದಾಟಿ ತಳ ಸೇರಿತು. ಆ ಸದ್ದಿನ ಮೇಲೆ ಯಾರೂ ನಗಲಿಲ್ಲ. ನಮ್ಮವರು ತಾವೇ ಎದ್ದು, ಬಲೆ ತೊಟ್ಟಿಲಿನ ಹಾಗೆ ಜೋಲುವಷ್ಟು ಹಗ್ಗ ಸಡಿಲಿಸಿದರು.

ದಿನಾ ಬೆಳಿಗ್ಗೆ ಹೊತ್ತು ತರುವುದು, ಸಂಜೆ ಹೊತ್ತು ಒಯ್ಯುವುದು. ಇಬ್ಬನಿಯಲ್ಲಿ ತೊಯ್ದ ಬಲೆಯ ಭಾರ ಹೆಗಲಿಗೇ ಗೊತ್ತು. ಸೀರೆಗೆ ಕುರಿಯ ವಾಸನೆ ಹತ್ತಿ, ನೀರಿಗೆ ಹೋದಲ್ಲಿ ಹೆಂಗಸರು ಸರಿದು ನಿಲ್ಲುತ್ತಿದ್ದರು.

ಕಟ್ಟಡ ದಂಡೆಗೆ ಹತ್ತಿರ ಬಂದಿದ್ದ ಒಂದು ಸಂಜೆ, ಹೊತ್ತು ಇಳಿದು ಮಲ್ಲವ್ವ ಕೂಗುತ್ತಿದ್ದಳು. ಕುರಿಗಳು ಬಯಲಲ್ಲೇ ನಿಂತಿದ್ದವು.

“ಇದೊಂದು ಸಾಲು ಮುಗಿಸ್ತೇನಿ, ನೀ ಜಾಳಗಿ ಒಯ್ಯಿ,” ಎಂದರು ನಮ್ಮವರು ಬಾವಿಯೊಳಗಿಂದ. ಆ ಮಬ್ಬಿನಲ್ಲಿ, ಬರಿಯ ಹಲಗೆಯ ಮೇಲೆ!

“ನೀವು ಮ್ಯಾಲ ಬರೂತನಕ ಗಂಟು ಬಿಚ್ಚಂಗಿಲ್ರಿ. ತೋಳ ಕುರಿ ಒಯ್ದ್ರ ಮಲ್ಲವ್ವಗ ನೀವ ಹೋಗಿ ಹೇಳ್ರಿ.”

ಸ್ವಲ್ಪ ಹೊತ್ತು ಸುತ್ತಿಗೆ ಬಡಿಯಿತು. ಆಮೇಲೆ ನಿಂತಿತು. ಗೊಣಗುತ್ತ ಏಣಿ ಹತ್ತಿ ಬಂದವರು ಬಲೆಯ ಒಂದು ತುದಿ ತಾವೇ ಹೆಗಲಿಗೇರಿಸಿಕೊಂಡರು. “ಏನ್ ಭಾರ ಐತಲ್ಲೇ ಇದು!” ನಾನು ಇನ್ನೊಂದು ತುದಿ ಎತ್ತಿಕೊಂಡೆ. ಮರುದಿನದಿಂದ ಕುರಿ ಹಟ್ಟಿಗೆ ತಿರುಗುವ ಹೊತ್ತೇ ಗೌಂಡಿಗಳು ಮೇಲೆ ಬರುವ ಹೊತ್ತಾಯಿತು.

ಬಾವಿ ಮುಗಿಯಿತು. ಯಾರೂ ಬೀಳಲಿಲ್ಲ. ಬೀಳದ ಮೇಲೆ ಬಲೆ ಹೊತ್ತದ್ದೆಲ್ಲ ದಂಡ ಎಂದು ಊರವರು ಆಡಿಕೊಂಡರು. ನಮ್ಮವರು ಮುದುಕರಾಗಿ, ಮನೆಯ ಮಂಚದ ಮೇಲೆ, ನನ್ನ ರೊಟ್ಟಿ ಹರಿದಿದೆ ಎಂದು ಹೆಸರಿಡುತ್ತಲೇ ಕಣ್ಣು ಮುಚ್ಚಿದರು. ಅದಕ್ಕಿಂತ ಹೆಚ್ಚಿನದನ್ನು ನಾನು ಬೇಡಿರಲಿಲ್ಲ.

ಈಗ ಹೊತ್ತು ಇಳಿಯುತ್ತಿದೆ. ವಾಸನೆಗೆ ಮುಚ್ಚಬೇಕೆಂದಿದ್ದ ಕಿಟಕಿ ತೆರೆದೇ ಇದೆ. ಪಕ್ಕದ ಮಾಳಿಗೆಯ ಮೇಲೆ ಸುತ್ತಿಗೆ ಇನ್ನೂ ಬಡಿಯುತ್ತಿದೆ. ಹೆಗಲು ಒತ್ತಿಕೊಳ್ಳುತ್ತ ಹೊಸ್ತಿಲಿಗೆ ಬಂದು ಕೂಗಿದೆ:

“ಏ ತಮ್ಮಗಳ್ರ್ಯಾ, ಕುರಿ ಹಟ್ಟಿಗಿ ಬಂದ್ವು. ಇಳೀರಿ ಕೆಳಗ.”