ಗೇಟಿನಲ್ಲಿ ಕೊಡದ ನಂಬರ್

"ನಂಬರ್ ಹಾಕ್ರಿ ಮೇಡಂ. ಇಲ್ಲಾಂದ್ರ ಗೇಟ್ ತೆಗಿಯಾಕ ಬರಂಗಿಲ್ರಿ."

ಸಾಂತಾಕ್ರೂಜ್‌ನ ವಸತಿ ಸೊಸೈಟಿಯೊಂದರ ಗೇಟಿನಲ್ಲಿ ಬಾಗಲಕೋಟೆ ಕಡೆಯ ವಾಚ್‌ಮನ್ ನನ್ನ ಮುಂದೆ ಮೊಬೈಲ್ ಹಿಡಿದಿದ್ದ. ಬಂದವರ ನಂಬರು, ಫೋಟೊ ಎಲ್ಲವನ್ನೂ ಅದರಲ್ಲಿದ್ದ ಆ್ಯಪ್‌ಗೆ ತುಂಬಬೇಕಂತೆ. ನಾನು ಒಪ್ಪಲಿಲ್ಲ. ಜನರ ಖಾಸಗಿ ಮಾಹಿತಿಯನ್ನು ಕಂಪನಿಗಳು ಹೀಗೆ ಬಾಚಿಕೊಳ್ಳಬಾರದೆಂದು ಹೋರಾಡುವುದೇ ನನ್ನ ಉದ್ಯೋಗ. ಇದಕ್ಕಾಗಿ ಫೋರ್ಟ್‌ನ ಕೋರ್ಟಿಗೆ ಅಲೆದು ಚಪ್ಪಲಿ ಸವೆಸಿದವಳು ಒಂದು ಗೇಟಿನ ಮುಂದೆ ಸೋಲುವುದೇ? ನಿಂತಲ್ಲೇ ಭಾಷಣ ಶುರು ಮಾಡಿದೆ. ವಾಚ್‌ಮನ್ ಆಕಳಿಸಿದ. ನನ್ನ ಹಿಂದೆ ಪಾರ್ಸೆಲ್ ತಂದವರು, ಇಸ್ತ್ರಿಯವರು ಸಾಲುಗಟ್ಟಿದರು.

ನಾನು ನೋಡಲು ಹೋಗಿದ್ದು ನಮ್ಮವ್ವನ ಗೆಳತಿ, ವಿಜಯಪುರ ಮೂಲದ ಮೌಶಿಯನ್ನು. ಗಲಾಟೆ ಕೇಳಿ ಅವರು ಮೊದಲ ಮಹಡಿಯ ಕಿಟಕಿಯಿಂದ ಇಣುಕಿದರು.

"ಆಕಿನ್ನ ಒಳಗ ಬಿಡಪಾ! ನಮ್ಮ ಸುಮನ್ ಮಗಳದಾಳ. ದಹಿಸರ್‌ದಾಗ ಒಬ್ಬಾಕಿನ ಇರ್ತಾಳ. ಮೊನ್ನೆ ಬೆಳಗಾವಿ ಹುಡುಗನ್ನ ಬ್ಯಾಡ ಅಂದಾಳ. ಪಿತ್ತ ಭಾಳ ಐತಿ, ಅದಕ್ಕ ಸಿಟ್ಟು!"

ಅವ್ವ ಫೋನಿನಲ್ಲಿ ಗುಟ್ಟಾಗಿ ಹೇಳಿದ್ದೆಲ್ಲ ಇಡೀ ಕಾಂಪೌಂಡಿಗೆ ಕೇಳಿಸಿತು. ಸಾಲಿನಲ್ಲಿದ್ದವರು ನನ್ನತ್ತ ಕರುಣೆಯಿಂದ ನೋಡಿದರು. ಗೇಟ್ ತಾನಾಗಿಯೇ ಎಂಬಂತೆ ತೆರೆದುಕೊಂಡಿತು. ತಲೆ ತಗ್ಗಿಸಿ ಒಳಗೆ ನಡೆದೆ.

ಆ ಆ್ಯಪ್‌ಗೆ ಇಂದಿಗೂ ನನ್ನ ನಂಬರ್ ಗೊತ್ತಿಲ್ಲ. ಅಷ್ಟರ ಮಟ್ಟಿಗೆ ಗೆದ್ದೆ ಅನ್ನಬಹುದು. ಈಗ ನಾನು ಹೋದರೆ ವಾಚ್‌ಮನ್ ಮೊಬೈಲ್ ಚಾಚುವುದಿಲ್ಲ. ದೂರದಿಂದಲೇ ಗೇಟ್ ತೆರೆದು, ಎಲ್ಲರೆದುರು ಅಕ್ಕರೆಯಿಂದ ವಿಚಾರಿಸುತ್ತಾನೆ: "ಪಿತ್ತ ಇಳಿದೈತೇನ್ರಿ ಮೇಡಂ?"