ದೊಡ್ಡಪ್ಪನ ಎದೆಯ ಸದ್ದು

ಕರೆಂಟ್ ಹೋದಾಗ ತಲೆಯ ಮೇಲಿನ ಫ್ಯಾನ್ ಕಿರ್ರೆನ್ನುತ್ತಾ ನಿಧಾನವಾಗಿ ನಿಲ್ಲುತ್ತದಲ್ಲ, ಆ ಕೊನೆಯ ಸುತ್ತಿನ ಸದ್ದು ಕೇಳಿದರೆ ಇವತ್ತಿಗೂ ನನ್ನ ಕಿವಿ ನೆಟ್ಟಗಾಗುತ್ತದೆ. ಉಳಿದವರು ಸೆಖೆ ಸೆಖೆ ಎಂದು ಗೊಣಗುವಾಗ ನಾನು ಏನೋ ಕೇಳಿಸಬೇಕೆಂದು ಕಾಯುವವಳಂತೆ ಕೂತುಬಿಡುತ್ತೇನೆ. ತಿರುವನಂತಪುರದ ದೊಡ್ಡಮ್ಮನ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಫ್ಯಾನ್ ನಿಲ್ಲಿಸಿದರೆಂದರೆ ಎದೆ ಕೇಳುವ ಪಾಠ ಶುರುವಾಯಿತೆಂದು ಅರ್ಥ. ಮಿಕ್ಸಿ ಬಂದ್, ಟಿ.ವಿ. ಬಂದ್, ನಾವು ಮಕ್ಕಳು ಕೆಮ್ಮುವಂತಿಲ್ಲ. ಅಮ್ಮನ ಅಕ್ಕನಾದ ದೊಡ್ಡಮ್ಮ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದಳು. ಆದರೂ ನಾಲ್ಕೈದು ವಿದ್ಯಾರ್ಥಿಗಳು ಅವಳನ್ನು ಬಿಡದೆ ಮನೆಗೇ ಬರುತ್ತಿದ್ದರು. ಸರಕಾರದ ಕಾನೂನು ಇಲಾಖೆಯಲ್ಲಿ ಜೀವಮಾನವೆಲ್ಲ ಕಡತ ತಿದ್ದಿದ ದೊಡ್ಡಪ್ಪ ಬೆತ್ತದ ಕುರ್ಚಿಯಲ್ಲಿ ಬರಿಮೈಯಲ್ಲಿ ಕೂತು, ಮಡಿಲಲ್ಲಿ ಪೇಪರ್ ಇಟ್ಟುಕೊಂಡು, ಪಾಠಕ್ಕೆ ಎದೆ ಒಡ್ಡುತ್ತಿದ್ದರು. "ನನ್ನ ಎದೆ ಕೇಳದೆ ಈ ಊರಲ್ಲಿ ಡಾಕ್ಟರ್ ಆದವರು ಯಾರಿದ್ದಾರೆ ಹೇಳು ನೋಡುವ" ಎಂದು ನನ್ನತ್ತ ಕಣ್ಣು ಮಿಟುಕಿಸುತ್ತಿದ್ದರು. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಫ್ಲ್ಯಾಟ್ ಎದ್ದಿದೆ, ಅದರ ಮುಂದೆ ಹಾದುಹೋಗುವಾಗ ನಾನು ಮುಖ ತಿರುಗಿಸಿಕೊಳ್ಳುತ್ತೇನೆ.

ದೊಡ್ಡಮ್ಮನ ಪಾಠದ ಕ್ರಮವೇ ಬೇರೆ. ರೋಗದ ಸದ್ದು ಆಮೇಲೆ, ಮೊದಲು ಆರೋಗ್ಯವಂತ ಎದೆಯನ್ನು ಕೇಳಿ ಕೇಳಿ ಕಿವಿ ಪಳಗಬೇಕು ಎನ್ನುತ್ತಿದ್ದಳು. ಅದಕ್ಕೆ ಅವಳು ಆರಿಸಿಕೊಂಡ ಎದೆ ದೊಡ್ಡಪ್ಪನದು. ಕಣ್ಣು ಮುಚ್ಚಿ ಕೇಳಬೇಕು, ಕತ್ತಿನ ನಾಡಿಯ ಮೇಲೆ ಬೆರಳಿಟ್ಟು ಮೊದಲ ಸದ್ದು ಯಾವುದು, ಎರಡನೆಯದು ಯಾವುದು ಎಂದು ಹೇಳಬೇಕು. ಆಮೇಲೆ ದೊಡ್ಡಪ್ಪ ಮುಂದಕ್ಕೆ ಬಾಗಿ, ಉಸಿರು ಪೂರ್ತಿ ಬಿಟ್ಟು, ಹಾಗೇ ತಡೆದುಕೊಳ್ಳಬೇಕು. ವಿದ್ಯಾರ್ಥಿಗಳು ಹೊರಟ ಮೇಲೆ ನನ್ನ ಸರದಿ. ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಅಪ್ಪ ಕೊಚ್ಚಿಯ ಹತ್ತಿರ ಏಲೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದರು. ಅಲ್ಲಿಯ ಕಾರ್ಖಾನೆಗಳ ಗಾಳಿ ಮೂಗಿಗೆ ಹತ್ತಿ ಹತ್ತಿ ಸೀನುತ್ತಿದ್ದ ನನ್ನನ್ನು ರಜೆ ಬಂದದ್ದೇ ರೈಲು ಹತ್ತಿಸಿಬಿಡುತ್ತಿದ್ದರು. "ತಣ್ಣಗಿನದ್ದನ್ನು ಹಾಗೇ ಎದೆಗೆ ಇಡ್ಬಾರ್ದು" ಎಂದು ದೊಡ್ಡಮ್ಮ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ತನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿ ಕೊಡುತ್ತಿದ್ದಳು. ಲಬ್, ಡಬ್. ದೊಡ್ಡಪ್ಪನ ಮೈಯಿಂದ ಬರುತ್ತಿದ್ದ ಚಂದನದ ಸೋಪಿನ ವಾಸನೆ, ಹೊರಗೆ ಕಾಗೆ, ಕಿವಿಯೊಳಗೆ ಆ ಎರಡು ಸದ್ದು. ನನಗೆ ಅದಕ್ಕಿಂತ ನೆಮ್ಮದಿಯ ಜಾಗ ಇನ್ನೊಂದಿರಲಿಲ್ಲ.

ಆ ಬೇಸಿಗೆಯಲ್ಲಿ ನನಗೆ ಮೂರನೆಯದೊಂದು ಕೇಳಿಸಿತು. "ಡಬ್ ಆದ ಮೇಲೆ ಯಾರೋ ಬಿಸಿ ಚಾಯ ಊದುವ ಹಾಗೆ ಕೇಳ್ತದೆ ದೊಡ್ಡಮ್ಮ" ಎಂದೆ. ದೊಡ್ಡಮ್ಮ ನಕ್ಕಳು, ಅದು ಉಸಿರು ಎಂದಳು. ದೊಡ್ಡಪ್ಪ ಉಸಿರು ಬಿಟ್ಟು ತಡೆದರು. ಊದುವುದು ನಿಲ್ಲಲಿಲ್ಲ, ಇನ್ನೂ ಸ್ಪಷ್ಟವಾಯಿತು. ಆಗ ಅವಳು ಸ್ಟೆತಾಸ್ಕೋಪ್ ಕಿತ್ತುಕೊಂಡಂತೆ ತೆಗೆದುಕೊಂಡು ಕೇಳಿದಳು. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ಒಳಗೆ ಹೋಗಿ ಇನ್ನೊಂದು ಸ್ಟೆತಾಸ್ಕೋಪ್ ತಂದಳು. "ನನಗೆ ಎಂತದೂ ಕೇಳುದಿಲ್ಲವಲ್ಲ" ಎಂದಾಗ ಅವಳ ದನಿ ಅವಳದಾಗಿರಲಿಲ್ಲ. ಗೇಟಿನ ಬಳಿ ಚಪ್ಪಲಿ ಮೆಟ್ಟುತ್ತಿದ್ದ ಜಿನ್ಸಿ ಎಂಬ ವಿದ್ಯಾರ್ಥಿನಿಯನ್ನು ವಾಪಸು ಕರೆದಳು. ನಾನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಜಿನ್ಸಿ ಬಾಗಿ ಕೇಳಿ ಎದ್ದಾಗ ಕಣ್ಣಲ್ಲಿ ನೀರಿತ್ತು. ಮಲಯಾಳದಲ್ಲಿ ತಡವರಿಸುತ್ತಾ ಹೇಳಿದಳು: ಇದು ಓಣಂ ಹೊತ್ತಿನಿಂದಲೇ ಕೇಳುತ್ತಿದೆ ಮೇಡಂ, ನೀವು ನಾರ್ಮಲ್ ಎಂದಿದ್ದಿರಿ, ನಾರ್ಮಲ್ ಎದೆ ಹೀಗೇ ಇರುತ್ತದೆಂದು ನಾವೆಲ್ಲ ಕಲಿತುಕೊಂಡೆವು. ದೊಡ್ಡಮ್ಮ ಬೆತ್ತದ ಕುರ್ಚಿಯ ಕೈ ಹಿಡಿದು ಅಲ್ಲೇ ನೆಲದ ಮೇಲೆ ಕೂತಳು. ಫ್ಯಾನ್ ಹಾಕಲು ಯಾರಿಗೂ ನೆನಪಾಗಲಿಲ್ಲ.

ವಯಸ್ಸಾದಂತೆ ಅವಳ ಕಿವಿಗೆ ಸಣ್ಣ, ತೆಳುವಾದ ಸದ್ದುಗಳು ಸಿಗದಾಗಿದ್ದವು. ದೊಡ್ಡಪ್ಪನ ಎದೆಯ ಒಂದು ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತಿತ್ತು. ಸ್ಕ್ಯಾನ್ ಮಾಡಿದವರು ತಡಮಾಡಬೇಡಿ ಎಂದರು. ಆಪರೇಷನ್ ಕೊಚ್ಚಿಯಲ್ಲಾಯಿತು. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅಮ್ಮನ ಸೆರಗು ಹಿಡಿದು ಕೂತಿದ್ದ ನನಗೆ, ನಾನು ಬಾಯಿ ಬಿಟ್ಟದ್ದರಿಂದಲೇ ಇದೆಲ್ಲ ಬಂತೇನೋ ಎಂಬ ಹೆದರಿಕೆ. ದೊಡ್ಡಪ್ಪ ಉಳಿದರು. ಚೇತರಿಸಿಕೊಳ್ಳಲು ಏಲೂರಿನ ನಮ್ಮ ಮನೆಗೇ ಬಂದರು. ಅವರೊಳಗೆ ಕೂರಿಸಿದ್ದ ಲೋಹದ ಕವಾಟ ಮುಚ್ಚುವಾಗಲೆಲ್ಲ ಟಿಕ್ ಎನ್ನುತ್ತಿತ್ತು. ಮಧ್ಯಾಹ್ನ ಊಟವಾಗಿ ಮನೆ ಸದ್ದಡಗಿದರೆ ಪಕ್ಕದ ಚಾಪೆಯಲ್ಲಿ ಮಲಗಿದ ನನಗೂ ಅದು ಕೇಳುತ್ತಿತ್ತು. ಎಲ್ಲರಿಗೂ ಕೇಳುತ್ತಿತ್ತು, ದೊಡ್ಡಮ್ಮ ಒಬ್ಬಳನ್ನು ಬಿಟ್ಟು.

ನಾಡಿ ಹಿಡಿಯಲು ಅವಳಿಗೆ ಬಾರದೇ? ಬರುತ್ತಿತ್ತು. ಆದರೆ ಆ ಭಾನುವಾರದ ನಂತರ ಅವಳು ತನ್ನನ್ನು ತಾನು ನಂಬಲಿಲ್ಲ. ಕೈ ಅವರ ಮಣಿಕಟ್ಟಿನ ಮೇಲಿದ್ದರೂ ನನ್ನ ಮುಖ ನೋಡಿ "ಉಂಟಾ?" ಎಂದು ಕೇಳುತ್ತಿದ್ದಳು. "ಉಂಟು ದೊಡ್ಡಮ್ಮ" ಎಂದರೆ ಮಾತ್ರ ಎದ್ದು ಹೋಗಿ ಕಾಫಿ ಕುಡಿಯುತ್ತಿದ್ದಳು. "ನನ್ನ ಎದೆ ಈಗ ಈ ಮರಿ ಡಾಕ್ಟರ್ ಕೈಲಿ" ಎಂದು ದೊಡ್ಡಪ್ಪ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ನಾನು ಕೇಳುವುದು ನಿಲ್ಲಿಸಿದರೆ ಅದೂ ನಿಂತುಬಿಡುತ್ತದೆಂದು ಹೆದರಿ, ಆಡಲು ಹೋದವಳು ನಡುವೆ ಓಡಿಬಂದು ಬಾಗಿಲಲ್ಲಿ ನಿಂತು ಕೇಳಿ ಹೋಗುತ್ತಿದ್ದೆ. ಅವರು ತಿರುವನಂತಪುರಕ್ಕೆ ವಾಪಸಾದ ಮೇಲೂ ನನಗೆ ಬಿಡುಗಡೆಯಾಗಲಿಲ್ಲ. ದೊಡ್ಡಮ್ಮನಿಗೆ ದಿಗಿಲಾದಾಗಲೆಲ್ಲ ನಮ್ಮ ಮನೆಯ ಫೋನ್ ಬಡಿದುಕೊಳ್ಳುತ್ತಿತ್ತು. ಅವಳು ತನ್ನ ಮೊಬೈಲನ್ನು ಅವರ ಎದೆಗೆ ಒತ್ತಿ ಹಿಡಿಯುತ್ತಿದ್ದಳು, ನಾನು ಇಲ್ಲಿ ರಿಸೀವರನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದೆ. ಗರಗರ ಸದ್ದಿನ ನಡುವೆ ದೂರದಲ್ಲಿ ಟಿಕ್, ಟಿಕ್. ಜೊತೆಗೆ ದೊಡ್ಡಪ್ಪನ ಮಾತು: "ಸಾಕು ಬಿಡು ಮಾರಾಯ್ತಿ, ಹುಡುಗಿಗೆ ಶಾಲೆ ಇಲ್ವಾ?"

ಹೀಗೆ ಒಂದೆರಡು ವರ್ಷ ಕಳೆಯಿತು. ಒಂದು ಶನಿವಾರ ಬೆಳಿಗ್ಗೆ ಅಮ್ಮ ಬಟ್ಟೆ ಒಣಗಿಸಲು ಟೆರೇಸಿಗೆ ಹೋಗಿದ್ದಳು. ಫೋನ್ ತೆಗೆದೆ. ದೊಡ್ಡಮ್ಮ "ಕೇಳಿ ಹೇಳು" ಎಂದಷ್ಟೇ ಹೇಳಿದಳು. ರಿಸೀವರ್ ಒತ್ತಿಕೊಂಡೆ. ಅಲ್ಲಿಯ ಕಾಗೆ ಕೇಳಿತು, ಬೀದಿಯಲ್ಲಿ ಮೀನು ಮಾರುವವಳ ಕೂಗು ಕೇಳಿತು. ಇನ್ನೊಂದು ಕಿವಿಗೆ ಬದಲಾಯಿಸಿದೆ. ಸಾಕು ಎನ್ನುವ ಮಾತೂ ಬರಲಿಲ್ಲ. ಸುಳ್ಳು ಹೇಳಿಬಿಡಬೇಕು ಅನ್ನಿಸಿತು, ಉಂಟು ಎಂದರೆ ಉಂಟಾಗಿಬಿಡುತ್ತದೇನೋ ಎಂದು.

"ಉಂಟಾ ಮಗಾ?"

"ಇಲ್ಲ ದೊಡ್ಡಮ್ಮ."

ಅವಳು ಅಳಲಿಲ್ಲ, ಫೋನ್ ಇಡಲೂ ಇಲ್ಲ. ಇಬ್ಬರೂ ಇನ್ನೊಂದಿಷ್ಟು ಹೊತ್ತು ಹಾಗೇ ಕೇಳುತ್ತಾ ನಿಂತೆವು. ಆಮೇಲೆ "ಸರಿ, ಅಮ್ಮನ್ನ ಕರಿ" ಎಂದಳು.