ಉಚ್ಚಾರವಿಲ್ಲದ ಮೂರು ಹನಿ

ಎಂಬತ್ತರ ದಶಕದ ನಡುವೆ ನಾವು ಅಮೆರಿಕದ ಸ್ಯಾನ್ ಹೊಸೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಮಗಳಿಗೆ ಆರು ವರ್ಷ. ಅಕ್ಕ ಕರೆಸಿಕೊಂಡಿದ್ದರಿಂದ ಮಂಡ್ಯ ಕಡೆಯಿಂದ ಬಂದಿದ್ದ ನಾನು ಹೇವರ್ಡ್‌ನ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಅವಳ ಇಂಗ್ಲಿಷ್ ಹೋಮ್‌ವರ್ಕು ನಿಲುಕುತ್ತಿರಲಿಲ್ಲ. ಆದರೆ ಕನ್ನಡ ನನ್ನದು. ಅದನ್ನು ನಾನೇ ಕಲಿಸಬೇಕು, ಮೊದಲು ‘ಅಪ್ಪ’ ಎಂದು ಬರೆಸಬೇಕು ಎಂಬ ಹಟ ನನಗೆ.

ಅವಳು ಪ್ರತಿ ಸಲವೂ ‘ಅಪ’ ಎಂದೇ ಬರೆಯುತ್ತಿದ್ದಳು.

“ಒತ್ತು ಎಲ್ಲವ್ವ?”

“ಇಟ್ಸ್ ಸೋ ಸ್ಮಾಲ್, ಅಪ್ಪ. ಬೇಡ.”

“ಅದಿಲ್ದೇ ಇದ್ರೆ ನಾನು ಅರ್ಧ ಅಪ್ಪ ಆಯ್ತೀನಿ ಕಣವ್ವ.”

ನಕ್ಕು ಟಿವಿ ಕಡೆ ಓಡುತ್ತಿದ್ದಳು. ಊರಿಂದ ತಂದ ಸ್ಲೇಟು ನನ್ನ ತೊಡೆಯ ಮೇಲೇ ಉಳಿಯುತ್ತಿತ್ತು.

ನಾನೂ ಹೆಂಡತಿಯೂ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಮನೆಯ ಚೀನೀ ಅಜ್ಜಿ. ಅವರ ಮೊಮ್ಮಕ್ಕಳಂತೆ ಮಗಳೂ ಅವರನ್ನು ‘ಪೋಪೋ’ ಎನ್ನುತ್ತಿದ್ದಳು. ಒಂದು ಸಂಜೆ ಕರೆತರಲು ಹೋದರೆ ಇವಳು ನೆಲದ ಮೇಲೆ ಬೋರಲು ಮಲಗಿ, ನಾಲಿಗೆ ಕಚ್ಚಿಕೊಂಡು, ಕುಂಚದಲ್ಲಿ ಚೀನೀ ಅಕ್ಷರ ಬರೆಯುತ್ತಿದ್ದಾಳೆ! ಅಕ್ಷರದ ಎಡಕ್ಕೆ ಒಂದರ ಕೆಳಗೊಂದು ಮೂರು ಸಣ್ಣ ಗೀಟು. ಮೇಲಿನೆರಡು ಹನಿಗಳಂತೆ ಕೆಳಗಿಳಿದರೆ ಮೂರನೆಯದು ಮೇಲಕ್ಕೆ ಚಿಮ್ಮುತ್ತಿತ್ತು. ಒಂದನ್ನೂ ಬಿಟ್ಟಿರಲಿಲ್ಲ.

ಬಗ್ಗಿ ಆ ಗೀಟುಗಳತ್ತ ಬೆರಳು ತೋರಿಸಿದೆ.

“ಇವರ ಒತ್ತು ಎಡಗಡೆ ಬತ್ತದಾ? ಏನಂತ ಓದ್ಬೇಕು ಇದನ್ನ?”

ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಪೋಪೋ ಕೈಯಾಡಿಸಿ, “ನೋ ಸೌಂಡ್. ವಾಟರ್” ಎಂದರು.

“ಓದಕ್ಕೇ ಆಗ್ದಿರೋದು ಎಂಥ ಒತ್ತವ್ವ?”

“ಒತ್ತು ಅಲ್ಲ ಅಪ್ಪ! ಇದು ಇದ್ರೆ ನೀರು ಇದೆ ಅಂತ. ರಿವರ್‌ಗೂ ಇದೆ, ಸೀಗೂ ಇದೆ. ಸ್ವೆಟ್‌ಗೂ ಇದೆ.”

ಪೋಪೋ ಬೆವರಿಗೆ ಒದ್ದೆಯಾಗಿದ್ದ ನನ್ನ ಅಂಗಿಯನ್ನು ತೋರಿಸಿ ನಕ್ಕರು. ನಾನೂ ನಕ್ಕೆ, ಬಲವಂತಕ್ಕೆ.

ಮನೆಗೆ ಬಂದಮೇಲೆ ಹೆಂಡತಿ, “ಯಾಕ್ರೀ ಮುಖ ಊದಿಸ್ಕೊಂಡಿದ್ದೀರಿ?” ಎಂದಳು.

“ಅವರದು ಮೂರು ಗೀಟು ಬಿಡಾಕಿಲ್ಲ. ನಮ್ದು ಒಂದು ಒತ್ತು ಭಾರ ಆಯ್ತು ನಿನ್ನ ಮಗಳಿಗೆ.”

ಕೇಳಿಸಿಕೊಂಡ ಮಗಳು ಹತ್ತಿರ ಬಂದಳು. “ಅಪ್ಪ, ಆ ಸ್ಮಾಲ್ ‘ಪ’ ಏನು ಹೇಳುತ್ತೆ?”

ಹಾಕು ಎಂದು ಗದರಿದ್ದೆನೇ ಹೊರತು ಅದನ್ನು ನಾನು ಹೇಳಿಯೇ ಇರಲಿಲ್ಲ. ಅವಳ ಬೆರಳು ಹಿಡಿದು ನನ್ನ ತುಟಿಯ ಮೇಲಿಟ್ಟುಕೊಂಡು, “ಅಪ” ಎಂದೆ. ಆಮೇಲೆ ನಿಧಾನವಾಗಿ, “ಅಪ್ಪ.”

“ಬಾಯಿ ವೇಯ್ಟ್ ಮಾಡುತ್ತೆ!” ಎಂದು ಕಣ್ಣರಳಿಸಿದಳು.

“ಹೂಂ ಕಣವ್ವ. ಕಾಯ್ತದೆ.”

ಸ್ಲೇಟು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಬರೆದಳು. ತಂದು ತೋರಿಸಿದಾಗ ‘ಅಪ್ಪ’ ಇತ್ತು; ಒತ್ತು ಮೇಲಿನ ‘ಪ’ಕ್ಕಿಂತ ದಪ್ಪವಾಗಿತ್ತು. ಎಡಕ್ಕೆ ಮೂರು ಹನಿ.

“ಇದ್ಯಾಕವ್ವ?”

“ಯು ಸ್ವೆಟ್ ಅ ಲಾಟ್, ಅಪ್ಪ.”

ಹೆಂಡತಿ ಸೆರಗಿನ ತುದಿಯಿಂದ ಹನಿಗಳನ್ನು ಒರೆಸಲು ಬಂದಳು. ಸ್ಲೇಟನ್ನು ಪಕ್ಕಕ್ಕೆ ಸರಿಸಿಕೊಂಡೆ.

“ತಪ್ಪಲ್ವೇನ್ರೀ ಅದು?”

“ಒತ್ತು ಸರಿಯಾಗೇ ಅದೆ, ಬಿಡು” ಎಂದೆ.